ಒಂದೇ ಪ್ರವಾಸ, ಎರಡು ಹೋಟೆಲು: ಒರ್ಲಾಂಡೊಗೆ ಹೊರಟ ಗೆಳೆಯನಿಗೊಂದು ಪತ್ರ

ಬೆಂಗಳೂರು

ಪ್ರಿಯ ಮಂಜು,

ಏಪ್ರಿಲ್ ಕೊನೆಗೆ ಅಮ್ಮನನ್ನೂ ಕರೆದುಕೊಂಡು ನಾಲ್ಕೂ ಜನ ಅಮೆರಿಕದ ಒರ್ಲಾಂಡೊಗೆ ಹೊರಟಿದ್ದೀರಿ. ಏಳು ರಾತ್ರಿಗೆ ಡಿಸ್ನಿಯ ಮೂರು ಹೋಟೆಲುಗಳಲ್ಲಿ ಉಳಿದುಕೊಂಡರೆ ಹೇಗೆ ಅಂತ ಕೇಳಿದ್ದೀಯ. ಮೂರು ಬೇಡ ಕಣೋ, ಎರಡು ಸಾಕು. ಹೋಟೆಲು ಬದಲಾಯಿಸಿದ ದಿನ ಬೆಳಿಗ್ಗೆ 11ಕ್ಕೆ ಹಳೆ ರೂಮು ಬಿಡಬೇಕು, ಹೊಸದು ಸಿಗುವುದು ಮಧ್ಯಾಹ್ನ 3ಕ್ಕೆ. ವಿಲ್ಲಾ ತೆಗೆದುಕೊಂಡರೆ 4ಕ್ಕೆ. ಅಷ್ಟು ಹೊತ್ತು ಅಮ್ಮನಿಗೆ ಕಾಲು ಚಾಚಲು ಒಂದು ಮಂಚವೂ ಇರುವುದಿಲ್ಲ. ಒಂದು ಸಲವಾದರೆ ಸುಧಾರಿಸಬಹುದು, ಎರಡು ಸಲ ಅಂದರೆ ಏಳರಲ್ಲಿ ಎರಡು ದಿನ ಗಂಟುಮೂಟೆಗೇ ಹೋಯಿತು.

ಇದು ನಮ್ಮ ಬಿಡದಿಯ ವಂಡರ್‌ಲಾ ಥರ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಜಾಗ ಅಲ್ಲ ಅನ್ನುವುದು ಮೊದಲು ತಲೆಯಲ್ಲಿರಲಿ. ವಾಲ್ಟ್ ಡಿಸ್ನಿ ವರ್ಲ್ಡ್ ಸುಮಾರು ನೂರು ಚದರ ಕಿಲೋಮೀಟರ್ ಹರಡಿಕೊಂಡಿದೆ. 1971ರಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಒಂದರಿಂದ ಶುರುವಾದದ್ದು ಈಗ ನಾಲ್ಕು ಪಾರ್ಕು: ಮ್ಯಾಜಿಕ್ ಕಿಂಗ್‌ಡಮ್, ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಒಂದೊಂದೂ ಒಂದೊಂದು ದಿಕ್ಕಿಗಿದೆ. ಹೋಟೆಲು ಬದಲಾಯಿಸುವುದರ ಲಾಭ ಇರುವುದೇ ಇಲ್ಲಿ: ಯಾವ ಪಾರ್ಕು ನೋಡುವ ದಿನವೋ ಆ ದಿನ ಅದರ ಮಗ್ಗುಲಲ್ಲೇ ಇರಬಹುದು. ಸುಮ್ಮನೆ ಇನ್ನೊಂದು ಈಜುಕೊಳ, ಇನ್ನೊಂದು ಲಾಬಿ ನೋಡುವ ಆಸೆಗೆ ಬದಲಾಯಿಸುವುದಾದರೆ ದುಡ್ಡು ದಂಡ.

ಬಹಳ ಜನ ಎಡವುವುದೂ ಇಲ್ಲೇ. ಮೊದಲು ಪಾಪ್ ಸೆಂಚುರಿ, ಆಮೇಲೆ ಬೀಚ್ ಕ್ಲಬ್ ಅಂತ ಹಾಕಿಕೊಳ್ಳುತ್ತಾರೆ. ಒಂದು ಅಗ್ಗದ್ದು, ಒಂದು ದುಬಾರಿ, ಎರಡೂ ನೋಡಿದ ಹಾಗಾಯಿತು ಅಂತ. ಆದರೆ ಪಾಪ್ ಸೆಂಚುರಿಯಿಂದ ಸ್ಕೈಲೈನರ್ ಅನ್ನುವ ತೂಗುಪೆಟ್ಟಿಗೆ ಹೋಗುವುದು ಎಪ್‌ಕಾಟ್‌ಗೆ, ಹಾಲಿವುಡ್ ಸ್ಟುಡಿಯೋಸ್‌ಗೆ. ಬೀಚ್ ಕ್ಲಬ್‌ನಿಂದ ನಡೆದು ಅಥವಾ ದೋಣಿಯಲ್ಲಿ ಹೋಗುವುದೂ ಅವೇ ಎರಡಕ್ಕೆ. ಹೋಟೆಲು ಬದಲಾಯಿತು, ಪಾರ್ಕು ಬದಲಾಗಲಿಲ್ಲ. ಉಳಿದೆರಡು ಪಾರ್ಕಿಗೆ ಎರಡೂ ಕಡೆಯಿಂದ ಬಸ್ಸೇ ಗತಿ.

ಪಾಪ್ ಸೆಂಚುರಿಗೆ ಜೋಡಿ ಹುಡುಕುವುದಾದರೆ ಎರಡೇ ದಾರಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಎರಡು ದಿನ ಕೊಡುವುದಾದರೆ ಕಂಟೆಂಪರರಿ. ಅಲ್ಲಿಂದ ಪಾರ್ಕಿನ ಬಾಗಿಲಿಗೆ ಹತ್ತು ನಿಮಿಷದ ನಡಿಗೆ, ಮೋನೋರೈಲು ಹೋಟೆಲಿನ ಒಳಗೇ ನಿಲ್ಲುತ್ತದೆ. ಅಮ್ಮನಿಗೆ ಸುಸ್ತಾದರೆ ಮಧ್ಯಾಹ್ನ ರೂಮಿಗೆ ಕರೆದುಕೊಂಡು ಬಂದು ಮಲಗಿಸಿ, ಸಂಜೆ ಮತ್ತೆ ಹೋಗಬಹುದು. ಇನ್ನೊಂದು ದಾರಿ ಅನಿಮಲ್ ಕಿಂಗ್‌ಡಮ್ ಲಾಡ್ಜ್. ಅನಿಮಲ್ ಕಿಂಗ್‌ಡಮ್‌ಗೆ ಸ್ಕೈಲೈನರೂ ಇಲ್ಲ, ದೋಣಿಯೂ ಇಲ್ಲ, ಯಾವ ಹೋಟೆಲಿನಿಂದ ಹೊರಟರೂ ಬಸ್ಸೋ ಕಾರೋ ಆಗಬೇಕು. ಈ ಲಾಡ್ಜಿನಿಂದ ಆ ಬಸ್ಸಿನ ದಾರಿ ಚಿಕ್ಕದು. ಆದರೆ ಮ್ಯಾಜಿಕ್ ಕಿಂಗ್‌ಡಮ್‌ಗೆ ಇಲ್ಲಿಂದ ದೂರ, ಅದನ್ನು ಮೊದಲ ಹೋಟೆಲಿನಲ್ಲಿದ್ದಾಗಲೇ ನೋಡಿ ಮುಗಿಸು.

ಲಾಡ್ಜಿನಲ್ಲಿ ಸವಾನಾ ಅನ್ನುವ ಹುಲ್ಲುಬಯಲಿನ ಕಡೆಯ ರೂಮು ಸಿಕ್ಕರೆ ಬಾಲ್ಕನಿ ಕೆಳಗೇ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕವಾಗಬೇಕಾದರೆ ಬೆಳಕಿದ್ದಾಗ ರೂಮಿನಲ್ಲಿ ಇರಬೇಕು. ಬೆಳಿಗ್ಗೆ 7ಕ್ಕೆ ಹೊರಟು ರಾತ್ರಿ 10ಕ್ಕೆ ಬರುವವರಿಗೆ ಕಾಣುವುದು ಕತ್ತಲೆ ಮಾತ್ರ. ಅಲ್ಲಿ ಕನಿಷ್ಠ ಒಂದು ದಿನವಾದರೂ ಪಾರ್ಕು ಇಟ್ಟುಕೊಳ್ಳಬೇಡ. ಅಥವಾ ಮಾಮೂಲಿ ರೂಮು ತಗೋ, ಪ್ರಾಣಿಗಳನ್ನು ನೋಡುವ ಸಾರ್ವಜನಿಕ ಜಗಲಿಗಳು ಹೇಗೂ ಇವೆ. ಪಕ್ಕದ ಕಿದಾನಿ ವಿಲೇಜ್‌ನಲ್ಲಿ ಸನಾ ಅನ್ನುವ ಊಟದ ಮನೆ ಇದೆ. ಆಫ್ರಿಕಾದ ಜೊತೆ ನಮ್ಮ ಕಡೆಯ ಮಸಾಲೆಯ ರುಚಿಯೂ ಅಲ್ಲುಂಟು. ನಾನ್ ಥರದ ರೊಟ್ಟಿಗಳು, ಜೊತೆಗೆ ಸಾಲಾಗಿ ಬಟ್ಟಲುಗಳಲ್ಲಿ ಚಟ್ನಿ, ಉಪ್ಪಿನಕಾಯಿ ತಂದಿಡುತ್ತಾರೆ. ನಾಲ್ಕು ದಿನ ಪಿಜ್ಜಾ, ಫ್ರೆಂಚ್ ಫ್ರೈಸ್ ತಿಂದ ನಾಲಿಗೆಗೆ ಅದೇ ಹಬ್ಬ. ಅಮ್ಮ ಜೊತೆಯಲ್ಲಿರುವಾಗ ನನ್ನ ಓಟು ಕಂಟೆಂಪರರಿಗೆ. ಚಿಂಟು ಪ್ರಾಣಿ ಪ್ರಾಣಿ ಅಂತ ಜೀವ ತಿಂದರೆ ಲಾಡ್ಜು.

ಅಗ್ಗದ್ದು ಮೊದಲು, ದುಬಾರಿಯದ್ದು ಕೊನೆಗೆ. ಇದರಲ್ಲಿ ಚೌಕಾಸಿ ಬೇಡ. ಬೆಂಗಳೂರಿನಿಂದ ಒರ್ಲಾಂಡೊಗೆ ನೇರ ವಿಮಾನ ಇಲ್ಲ, ತಲುಪುವಷ್ಟರಲ್ಲಿ ನೀವೆಲ್ಲ ಹಣ್ಣಾಗಿರುತ್ತೀರಿ. ಆ ಮೊದಲ ಎರಡು ರಾತ್ರಿ ಎಂಟಕ್ಕೇ ಕಣ್ಣು ಮುಚ್ಚಿ ನಡುರಾತ್ರಿ ಎರಡಕ್ಕೆ ಎದ್ದು ಕೂರುವ ರೂಮಿಗೆ ದೊಡ್ಡ ಬಾಡಿಗೆ ಯಾಕೆ? ಬೇಗ ಎಚ್ಚರವಾಗುವುದರಿಂದ ಒಂದು ಉಪಕಾರವೂ ಉಂಟು. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಪಾರ್ಕು ದಿನವೂ ಅರ್ಧ ಗಂಟೆ ಮುಂಚೆ ತೆರೆಯುತ್ತದೆ. ಇದಕ್ಕೆ ಅಗ್ಗದ ಹೋಟೆಲು, ದುಬಾರಿ ಹೋಟೆಲು ಅನ್ನುವ ಭೇದವಿಲ್ಲ. ಡೀಲಕ್ಸ್ ಅನ್ನುವ ದುಬಾರಿ ಹೋಟೆಲಿನವರಿಗೆ ಮಾತ್ರ ಇರುವುದು ರಾತ್ರಿಯ ಸವಲತ್ತು: ಕೆಲವು ನಿಗದಿತ ರಾತ್ರಿ, ನಿಗದಿತ ಪಾರ್ಕಿನಲ್ಲಿ, ಮುಚ್ಚಿದ ಮೇಲೆ ಎರಡು ಗಂಟೆ. ಆ ರಾತ್ರಿ ಯಾವುದು ಅಂತ ಕ್ಯಾಲೆಂಡರಿನಲ್ಲಿ ನೋಡಿಕೊಂಡು, ಅದು ಎರಡನೇ ಹೋಟೆಲಿನ ದಿನಗಳಲ್ಲಿ ಬೀಳುವ ಹಾಗೆ ಬುಕ್ ಮಾಡು. ಬಾಡಿಗೆ ದಿನದಿನಕ್ಕೆ ಬೇರೆ, ಶುಕ್ರವಾರ, ಶನಿವಾರ ಸಾಮಾನ್ಯವಾಗಿ ಏರುತ್ತದೆ. ಆ ಎರಡು ರಾತ್ರಿ ಪಾಪ್ ಸೆಂಚುರಿ ಪಾಲಿಗೆ ಬರಲಿ. ತೋರಿಸುವ ದರದ ಮೇಲೆ 12.5% ತೆರಿಗೆ ಬೀಳುತ್ತದೆ, ಲೆಕ್ಕ ಹಾಕುವಾಗ ಮರೆಯಬೇಡ.

ಪಾಪ್ ಸೆಂಚುರಿ ರೂಮಿನ ಬಗ್ಗೆ ಒಂದು ಮಾತು. ನಾಲ್ಕು ಜನಕ್ಕೆ ಎರಡು ಮಂಚ, ಆದರೆ ಎರಡನೆಯದು ಗೋಡೆಯಿಂದ ಕೆಳಗಿಳಿಸುವಂಥದ್ದು. ಹಗಲು ಅದೇ ಜಾಗದಲ್ಲಿ ಊಟದ ಮೇಜು, ಮಂಚ ಇಳಿಸಿದರೆ ಮೇಜು ಮಾಯ. ಅಮ್ಮನಿಗೆ ಖಾಯಂ ಮಂಚ ಕೊಟ್ಟು, ಗೋಡೆಯದ್ದನ್ನು ನೀವು ಇಟ್ಟುಕೊಳ್ಳಿ. ಅವರು ಹಗಲು ಅಡ್ಡಾಗಬೇಕಾದರೆ ಮೇಜು ಖಾಲಿ ಮಾಡುವ ತಾಪತ್ರಯ ಇರುವುದಿಲ್ಲ.

ಈಗ ಬುಕಿಂಗ್. ಎಲ್ಲಕ್ಕಿಂತ ದುಬಾರಿ ಎಡವಟ್ಟು ಆಗುವುದು ಟಿಕೆಟ್ಟಿನಲ್ಲಿ. ಎರಡು ಹೋಟೆಲಿಗೂ ರೂಮು, ಟಿಕೆಟ್ ಸೇರಿದ ಪ್ಯಾಕೇಜು ತಗೊಂಡರೆ ನಿನ್ನ ಕೈಗೆ ಎರಡು ಸಣ್ಣ ಟಿಕೆಟ್ಟು ಬರುತ್ತವೆ. ಅಲ್ಲಿ ಟಿಕೆಟ್ಟಿನ ದಿನ ಹೆಚ್ಚಿದಷ್ಟೂ ದಿನದ ಸರಾಸರಿ ದರ ಇಳಿಯುತ್ತದೆ. ಮೂರು ದಿನದ್ದೊಂದು, ಎರಡು ದಿನದ್ದೊಂದು ತಗೊಳ್ಳುವ ಬದಲು ಐದು ದಿನದ್ದು ಒಂದೇ ತಗೋ. ರೂಮುಗಳನ್ನು ಬರೀ ರೂಮು ಅಂತಲೇ ಬುಕ್ ಮಾಡು, ಟಿಕೆಟ್ ಬೇರೆ ಕೊಳ್ಳು. ಐದು ದಿನದ ಟಿಕೆಟ್ಟನ್ನು ಎಂಟು ದಿನದೊಳಗೆ ಬಳಸಬಹುದು, ಆದ್ದರಿಂದ ನಡುವೆ ವಿಶ್ರಾಂತಿಗೆ ದಿನ ಬಿಟ್ಟರೂ ನಷ್ಟವಿಲ್ಲ. ಬರೀ ರೂಮಿಗೆ ಮುಂಗಡ ಒಂದು ರಾತ್ರಿಯ ಬಾಡಿಗೆ ಮಾತ್ರ. ಪ್ಯಾಕೇಜಿಗೆ 200 ಡಾಲರ್ ಕಟ್ಟಿ, ಬಾಕಿಯನ್ನು 30 ದಿನ ಮುಂಚೆ ಪೂರ್ತಿ ಚುಕ್ತಾ ಮಾಡಬೇಕು. ಕೆಲವು ರಿಯಾಯಿತಿಗಳು ಇಷ್ಟು ರಾತ್ರಿ ಉಳಿದರೆ ಮಾತ್ರ ಅಂತ ಇರುತ್ತವೆ. ವಾಸ ಎರಡು ತುಂಡಾದಾಗ ಅವು ಕೈತಪ್ಪುತ್ತವೆ, ಅದನ್ನೂ ಕೂಡಿಸಿ ಕಳೆದು ನೋಡು.

ಎರಡೂ ಬುಕಿಂಗ್ ಒಬ್ಬರ ಹೆಸರಿನಲ್ಲೇ ಇರಲಿ, ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ. ಒಂದು ನಿನ್ನ ಹೆಸರಲ್ಲಿ, ಇನ್ನೊಂದು ಮನೆಯವರ ಹೆಸರಲ್ಲಿ ಇದ್ದರೆ ಲಗೇಜು ಸಾಗಿಸುವಾಗ ಯಾರ ಬ್ಯಾಗು ಯಾವ ರೂಮಿಗೆ ಅನ್ನುವುದು ಗೋಜಲಾಗುತ್ತದೆ. ಮೊದಲನೆಯದರ ಚೆಕ್-ಔಟ್ ತಾರೀಖೂ ಎರಡನೆಯದರ ಚೆಕ್-ಇನ್ ತಾರೀಖೂ ಒಂದೇ ಇದೆಯಾ ಅಂತ ಎರಡು ಸಲ ನೋಡು. ಒಂದು ದಿನ ಆಚೀಚೆ ಆದರೆ ನಡುವೆ ಒಂದು ರಾತ್ರಿ ಬೀದಿಯಲ್ಲಿ. ಎರಡನ್ನೂ ಮೈ ಡಿಸ್ನಿ ಎಕ್ಸ್‌ಪೀರಿಯೆನ್ಸ್ ಆ್ಯಪಿಗೆ ಸೇರಿಸಿ, ಆನ್‌ಲೈನ್ ಚೆಕ್-ಇನ್ನನ್ನು ಎರಡಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ಎರಡನೆಯದು ತಾನಾಗಿ ಆಗುವುದಿಲ್ಲ.

ಊಟದ ಟೇಬಲ್ಲು ಕಾಯ್ದಿರಿಸಲು 60 ದಿನ ಮುಂಚೆ, ಅಲ್ಲಿನ ಬೆಳಿಗ್ಗೆ 6ಕ್ಕೆ ಬಾಗಿಲು ತೆರೆಯುತ್ತದೆ. ಎರಡು ಬುಕಿಂಗ್ ಅಂದರೆ ಎರಡು ಲೆಕ್ಕ, ಎರಡನೇ ಹೋಟೆಲಿನ ದಿನಗಳನ್ನು ಅದರ ಚೆಕ್-ಇನ್‌ನಿಂದ ಹಿಂದಕ್ಕೆ ಎಣಿಸು. ಫೋನಿನಲ್ಲಿ ಎರಡು ಅಲಾರಂ ಇಡು. ನಿನ್ನ ತಾರೀಖಿಗೆ ಇದು ಫೆಬ್ರವರಿ ಕೊನೆಗೆ ಬೀಳುತ್ತದೆ. ಆಗ ಅಲ್ಲಿ ಬೆಳಿಗ್ಗೆ 6 ಅಂದರೆ ನಮಗೆ ಸಂಜೆ 4:30. ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಮಲ್ಟಿ ಪಾಸ್, ಡಿಸ್ನಿ ಹೋಟೆಲಿನವರಿಗೆ ಚೆಕ್-ಇನ್ನಿಗೆ 7 ದಿನ ಮುಂಚೆ, ಅಲ್ಲಿನ ಬೆಳಿಗ್ಗೆ 7ಕ್ಕೆ ಸಿಗುತ್ತದೆ. ಹೊರಗೆ ಉಳಿದವರಿಗೆ ಮೂರೇ ದಿನ ಮುಂಚೆ. ಮಾರ್ಚ್ ಎರಡನೇ ಭಾನುವಾರ ಅವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ಏಪ್ರಿಲ್‌ನಲ್ಲಿ ಆ 7 ಗಂಟೆಯೂ ನಮಗೆ ಸಂಜೆ 4:30. ಆಫೀಸಿನ ಮೀಟಿಂಗು ಆ ಹೊತ್ತಿಗೆ ಹಾಕಿಸಿಕೊಳ್ಳಬೇಡ.

ಬದಲಾವಣೆಯ ದಿನದ ಕೆಲಸ ಹಿಂದಿನ ಸಂಜೆಯೇ ಶುರು. ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಒಗೆದು ಒಣಗಿಸಿ ತುಂಬಿಕೊಳ್ಳಿ, ಫ್ರಿಜ್ಜಿನಲ್ಲಿರುವ ಮೊಸರು ಆ ರಾತ್ರಿಯೇ ಮುಗಿಸಿ. ಒಂದು ಚೀಲ ಬೇರೆ ಇಡು: ಪಾಸ್‌ಪೋರ್ಟು, ಅಮ್ಮನ ಮಾತ್ರೆ, ಚಾರ್ಜರು, ದುಡ್ಡು, ಚಿಂಟುವಿನ ಒಂದು ಜೊತೆ ಬಟ್ಟೆ, ಈಜುವ ಬಟ್ಟೆ. ಈ ಚೀಲ ಬೆನ್ನ ಮೇಲೆಯೇ ಇರಬೇಕು, ಉಳಿದದ್ದು ಸಂಜೆವರೆಗೂ ಕಣ್ಣಿಗೆ ಬೀಳುವುದಿಲ್ಲ ಅಂದುಕೋ. ಬೆಳಿಗ್ಗೆ ಬ್ಯಾಗುಗಳನ್ನು ಲಗೇಜು ನೋಡಿಕೊಳ್ಳುವ ಬೆಲ್ ಸರ್ವಿಸಸ್ ಕೌಂಟರಿಗೆ ತೆಗೆದುಕೊಂಡು ಹೋಗಿ, ಇನ್ನೊಂದು ಡಿಸ್ನಿ ಹೋಟೆಲಿಗೆ ಕಳಿಸಬೇಕು ಅಂತ ಹೇಳು. ಹೆಸರು, ಹೋಗುವ ಹೋಟೆಲು, ಬ್ಯಾಗು ಎಷ್ಟು ಅಂತ ಕೇಳಿ, ಒಂದೊಂದಕ್ಕೂ ಚೀಟಿ ಕಟ್ಟುತ್ತಾರೆ. ನಿನ್ನ ಕೈಗೆ ಕೊಟ್ಟ ಚೀಟಿಯನ್ನೂ, ಸಾಲಾಗಿ ನಿಂತ ಬ್ಯಾಗುಗಳನ್ನೂ ಒಂದು ಫೋಟೋ ಹೊಡೆದುಕೋ. ಸಾಗಣೆಗೆ ದುಡ್ಡಿಲ್ಲ, ಬ್ಯಾಗಿಗೆ ಒಂದೆರಡು ಡಾಲರ್ ಟಿಪ್ಸ್ ಕೊಡುವುದು ವಾಡಿಕೆ.

ಹೋಟೆಲಿನಿಂದ ಹೋಟೆಲಿಗೆ ನೇರ ಬಸ್ಸು ಇಲ್ಲ. ಹುಡುಕುತ್ತಾ ನಿಲ್ಲಬೇಡ. ಬೆಳಿಗ್ಗೆ ಸ್ಕೈಲೈನರ್ ಹತ್ತಿ ಹಾಲಿವುಡ್ ಸ್ಟುಡಿಯೋಸ್‌ಗೆ ಹೋಗಿ, ಸಂಜೆ ಅಲ್ಲಿಂದ ಹೊರಬಂದಾಗ ಪಾಪ್ ಸೆಂಚುರಿ ಕಡೆ ಹೋಗದೆ ಹೊಸ ಹೋಟೆಲಿನ ಬಸ್ಸು ಹತ್ತಿ. ಪಾರ್ಕೇ ನಿಮ್ಮ ಮೆಜೆಸ್ಟಿಕ್. ಸಿಡಿಲು ಹತ್ತಿರ ಬಂದರೆ ಸ್ಕೈಲೈನರ್ ನಿಲ್ಲಿಸುತ್ತಾರೆ, ಆಕಾಶ ಕಪ್ಪಿಟ್ಟಿದ್ದರೆ ಮೊದಲೇ ಬೇರೆ ದಾರಿ ಯೋಚಿಸು. ಅಮ್ಮ ಆ ದಿನ ಪಾರ್ಕಿಗೆ ಒಲ್ಲೆ ಅಂದರೆ ಊಬರ್ ಮಾಡಿ ಹೊಸ ಹೋಟೆಲಿಗೇ ಹೋಗಿಬಿಡಿ. ರೂಮು ತಯಾರಾಗದಿದ್ದರೂ ಲಾಬಿ, ಈಜುಕೊಳ ಬಳಸಬಹುದು. ತಯಾರಾದಾಗ ರೂಮಿನ ನಂಬರು ಫೋನಿಗೆ ಬರುತ್ತದೆ, ಕೌಂಟರಿನ ಮುಂದೆ ನಿಲ್ಲುವ ಅಗತ್ಯವಿಲ್ಲ. ಬ್ಯಾಗು ಮಾತ್ರ ತಾನಾಗಿ ರೂಮಿಗೆ ಬರುತ್ತದೆ ಅಂತ ಕಾಯಬೇಡ. ರೂಮು ಸೇರಿದ ಮೇಲೆ ಬೆಲ್ ಸರ್ವಿಸಸ್‌ಗೆ ಫೋನು ಮಾಡಿ ಕಳಿಸಿ ಅನ್ನಬೇಕು. ಕಾರು ಬಾಡಿಗೆಗೆ ತೆಗೆದುಕೊಂಡರೆ ಇದೆಲ್ಲ ಇಲ್ಲ, ಡಿಕ್ಕಿಗೆ ಹಾಕಿಕೊಂಡು ಹೊರಡುವುದೇ. ಹೋಟೆಲಿನಲ್ಲಿ ಉಳಿದವರಿಗೆ ಅಲ್ಲೂ ಪಾರ್ಕಿನಲ್ಲೂ ಪಾರ್ಕಿಂಗ್ ಉಚಿತ.

ಒರ್ಲಾಂಡೊದಲ್ಲೇ ಇರುವ ಇನ್ನೊಂದು ಕಂಪನಿಯ ಪಾರ್ಕು ಯೂನಿವರ್ಸಲ್ ಕೂಡ ನೋಡುವ ಮನಸ್ಸಿದ್ದರೆ ಲೆಕ್ಕ ಬೇರೆ. ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್, ಈ ಮೂರರಲ್ಲಿ ಒಂದು ರಾತ್ರಿ ಉಳಿದರೂ ಬರುವ ದಿನ, ಬಿಡುವ ದಿನ ಎರಡೂ ದಿನಕ್ಕೆ ಉದ್ದ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಸಾಲು ಬಾಡಿಗೆಯಲ್ಲೇ ಸೇರಿರುತ್ತದೆ. ಒಂದು ರಾತ್ರಿಗೋಸ್ಕರ ಹೋಟೆಲು ಬದಲಾಯಿಸುವುದು ನಿಜಕ್ಕೂ ಗಿಟ್ಟುವುದು ಇಲ್ಲಿ ಮಾತ್ರ. ಆದರೆ 2025ರ ಮೇನಲ್ಲಿ ತೆರೆದ ಎಪಿಕ್ ಯೂನಿವರ್ಸ್ ಅನ್ನುವ ಅವರ ಹೊಸ ಪಾರ್ಕಿಗೆ ಅದು ನಡೆಯುವುದಿಲ್ಲ. ಎಕ್ಸ್‌ಪ್ರೆಸ್ ಸಿಕ್ಕರೂ ಪಾರ್ಕಿನ ಒಳಗೆ ಹೋಗುವ ಟಿಕೆಟ್ಟು ಬಾಡಿಗೆಯಲ್ಲಿ ಸೇರಿರುವುದಿಲ್ಲ, ಅದನ್ನು ಬೇರೆ ಕೊಳ್ಳಬೇಕು. ಡಿಸ್ನಿಯವರು ಲಗೇಜನ್ನು ಯೂನಿವರ್ಸಲ್‌ಗೆ ಸಾಗಿಸುವುದಿಲ್ಲ, ಟ್ಯಾಕ್ಸಿಯಲ್ಲಿ ನೀವೇ ಒಯ್ಯಬೇಕು. ನಾಲ್ಕು ಜನ, ಎಂಟು ಬ್ಯಾಗು ಅಂದರೆ ದೊಡ್ಡ ಗಾಡಿಯೇ ಕರೆಸು.

ಕೊನೆಗೆ ಅಮ್ಮನ ವೀಲ್‌ಚೇರು. ಪಾರ್ಕಿನಲ್ಲಿ ಬಾಡಿಗೆಗೆ ಪಡೆದದ್ದು ಪಾರ್ಕಿನ ಬಾಗಿಲು ದಾಟುವುದಿಲ್ಲ, ಹೋಟೆಲಿನಿಂದ ಬಸ್‌ಸ್ಟಾಪಿನವರೆಗಿನ ನಡಿಗೆಗೆ ಅದು ಒದಗುವುದಿಲ್ಲ. ಹೊರಗಿನ ಬಾಡಿಗೆಯವರಿಂದ ವಾರಕ್ಕೆ ತಗೊಳ್ಳುವುದಾದರೆ, ತಂದುಕೊಡುವುದು ಒಂದು ಹೋಟೆಲಿಗೆ, ವಾಪಸ್ ಒಯ್ಯುವುದು ಇನ್ನೊಂದರಿಂದ ಅಂತ ಬುಕ್ ಮಾಡುವಾಗಲೇ ಬರೆಸು. ಬದಲಾವಣೆಯ ದಿನ ಅದನ್ನು ಬ್ಯಾಗುಗಳ ಜೊತೆ ಕಳಿಸಬೇಡ, ಅಮ್ಮನ ಜೊತೆಗೇ ಇರಲಿ. ತಾರೀಖು ಗಟ್ಟಿಯಾದ ಮೇಲೆ ಎರಡೂ ಬುಕಿಂಗಿನ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡು, ತಾರೀಖು ಹೊಂದುತ್ತವಾ ಅಂತ ನೋಡಿ ಹೇಳುತ್ತೇನೆ.

ನಿನ್ನ,
ಗಿರೀಶ