ನಿನ್ನ ಮೊದಲ ಆಸ್ಪತ್ರೆ ಚೀಟಿ ಹುಡುಕು ಮಾರಾಯ

ಪ್ರೀತಿಯ ಗೆಳೆಯಾ,

ಶುಗರ್ ಎಷ್ಟಿದೆ ಅಂತ ಕೇಳುವುದಿಲ್ಲ, ಹೆದರಬೇಡ. ಅದನ್ನು ಕೇಳುವವರು ನಿನಗೆ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಒಂದು ಪದಕದ ವಿಷಯ. ಇನ್ಸುಲಿನ್ ಚುಚ್ಚಿಕೊಂಡು 50 ವರ್ಷ ಬದುಕಿದವರಿಗೆ ಪದಕ ಕೊಡುತ್ತಾರೆ, ಗೊತ್ತಾ ನಿನಗೆ?

ಅಮೆರಿಕದ ಬಾಸ್ಟನ್‌ನಲ್ಲಿ ಜೋಸ್ಲಿನ್ ಡಯಾಬಿಟಿಸ್ ಸೆಂಟರ್ ಅಂತ ಇದೆ. ಅಲ್ಲಿನ ಎಲಿಯಟ್ ಜೋಸ್ಲಿನ್ ಎಂಬ ಡಾಕ್ಟರು 1948ರಲ್ಲಿ ಇದನ್ನು ಶುರು ಮಾಡಿದರು. ಆಗ 25 ವರ್ಷಕ್ಕೇ ಪದಕ. 25 ವರ್ಷ ಏನು ಮಹಾ ಅನ್ನಬೇಡ. ಇನ್ಸುಲಿನ್ ಮೊದಲ ಸಲ ಮನುಷ್ಯನ ಮೈಗೆ ಹೋಗಿದ್ದೇ 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ, ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ. ಅದಕ್ಕೂ ಮುಂಚೆ ಈ ಕಾಯಿಲೆ ಬಂದ ಮಕ್ಕಳನ್ನು ಅರೆಹೊಟ್ಟೆ ಉಪವಾಸದಲ್ಲಿಟ್ಟು ಇನ್ನಷ್ಟು ದಿನ ಜೀವ ಹಿಡಿಸುವುದೇ ಚಿಕಿತ್ಸೆ. ಆಮೇಲೆ 25 ಸಾಲದಾಯಿತು. 1970ರಲ್ಲಿ 50 ವರ್ಷದ ಪದಕ ಬಂತು, 1996ರಲ್ಲಿ 75ರದ್ದು, 2013ರಲ್ಲಿ 80ರದ್ದು. ಪದಕ ಕೊಡುವವರೇ ಇವರ ಹಿಂದೆ ಓಡಬೇಕಾಯಿತು ನೋಡು.

ಬ್ರಿಟನ್ನಿನಲ್ಲೂ ಇದೆ. ಅಲ್ಲಿ 50 ವರ್ಷಕ್ಕೆ ಅಲನ್ ನಬಾರೊ ಪದಕ, ಇನ್ನೂ ಮುಂದೆ ಹೋದವರಿಗೆ ಬೇರೆ ಬೇರೆ. ಕೊಡುವ ಸಂಸ್ಥೆಯನ್ನು 1934ರಲ್ಲಿ ಕಟ್ಟಿದವರಲ್ಲಿ ಒಬ್ಬರು ಕಾದಂಬರಿಕಾರ ಎಚ್. ಜಿ. ವೆಲ್ಸ್, ಇನ್ನೊಬ್ಬರು ಡಾಕ್ಟರ್ ಲಾರೆನ್ಸ್. ಇಬ್ಬರಿಗೂ ಸಕ್ಕರೆ ಕಾಯಿಲೆ! ಲಾರೆನ್ಸ್ ಕಥೆಯಂತೂ ನಿನಗೆ ಹೇಳಲೇಬೇಕು. ಇನ್ನೇನು ಉಳಿಯುವುದಿಲ್ಲ ಅಂತಾದಾಗ ಮನೆಯವರ ಕಣ್ಣೆದುರು ಸಾಯುವುದು ಬೇಡ ಎಂದು ಇಟಲಿಯ ಫ್ಲಾರೆನ್ಸ್‌ಗೆ ಹೋಗಿಬಿಟ್ಟಿದ್ದರು. 1923ರಲ್ಲಿ ಲಂಡನ್ನಿನ ಗೆಳೆಯನಿಂದ ಸುದ್ದಿ ಬಂತು, ಇನ್ಸುಲಿನ್ ಸಿಕ್ಕಿದೆ, ಕೆಲಸ ಮಾಡುತ್ತಿದೆ, ಬೇಗ ಬಾ ಅಂತ. ಪ್ರಾಣ ಕೈಯಲ್ಲಿ ಹಿಡಿದುಕೊಂಡು ವಾಪಸು ಬಂದರು, 1968ರವರೆಗೂ ಬದುಕಿದರು.

ಇದನ್ನೆಲ್ಲ ಓದುವಾಗ ನಿಮ್ಮನೆ ಬಚ್ಚಲೊಲೆ ನೆನಪಾಯಿತು ಕಣೋ. ನಾವು ಐದನೇ ಕ್ಲಾಸು. ಬೆಳಿಗ್ಗೆ ನಾನು ಕರೆಯಲು ಬಂದರೆ ನಿಮ್ಮಮ್ಮ ಗಾಜಿನ ನಳಿಕೆಯಲ್ಲಿ, ಸಕ್ಕರೆ ಇದೆಯಾ ಅಂತ ತೋರಿಸುವ ಆ ನೀಲಿ ಬೆನೆಡಿಕ್ಟ್ ದ್ರಾವಣಕ್ಕೆ ನಿನ್ನ ಮೂತ್ರದ ಎಂಟು ಹನಿ ಹಾಕಿ, ಇಕ್ಕಳದಲ್ಲಿ ಹಿಡಿದು ಕುದಿಸುತ್ತಿದ್ದರು. ನೀಲಿಯೇ ಉಳಿದರೆ ಮುಖ ಅರಳುತ್ತಿತ್ತು. ಹಸಿರಾದರೆ ಪರವಾಗಿಲ್ಲ. ಇಟ್ಟಿಗೆ ಕೆಂಪು ಬಂತೋ, ನೆಲ್ಲಿಕಾಯಿ ಗಾಡಿ ಹತ್ತಿರ ನಿಂತಿದ್ಯಾ, ಬೆಲ್ಲ ಕದ್ದ್ಯಾ ಅಂತ ವಿಚಾರಣೆ, ನನಗೂ ಸೇರಿಸಿ! ಪಕ್ಕದಲ್ಲೇ ಪಾತ್ರೆಯಲ್ಲಿ ಗಾಜಿನ ಸಿರಿಂಜು ಕುದಿಯುತ್ತಿತ್ತು. ಫ್ರಿಜ್ ಇಲ್ಲದ ಮನೆ, ಇನ್ಸುಲಿನ್ ಸೀಸೆ ನೀರಿನ ಮಡಕೆಯ ತಂಪಿನಲ್ಲಿ. ನಿಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ಸಿರಿಂಜಿನ ಗೀಟು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ನಿನ್ನ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ, ನಿನಗೆ ಅದು ಕೇಳಿದರೆ ಆಗುವುದಿಲ್ಲ. ನನಗೂ ಅನ್ನಿಸುವುದು ಅದೇ, ಬರೀ ಶಿಸ್ತಿನಿಂದ 50 ವರ್ಷ ಆಗುವುದಿಲ್ಲ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಜೊತೆಗಾರರು ಅದರ ಪೇಟೆಂಟನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದೇ ಡಾಲರಿಗೆ ಕೊಟ್ಟರು, ನಿಮ್ಮಪ್ಪ ಮಾತ್ರ ತಿಂಗಳ ಕೊನೆಗೆ ಸಾಲ ಮಾಡಿ ಸೀಸೆ ತರುತ್ತಿದ್ದರು. ಸಾಲ ಹುಟ್ಟದ ಮನೆಗಳಲ್ಲಿ ಏನಾಗಿರಬಹುದು ಹೇಳು. ಪದಕದ ಪಟ್ಟಿಗೆ ಅಂಥ ಮಕ್ಕಳು ಬರುವುದೇ ಇಲ್ಲ, ಅದೊಂದು ನನಗೆ ಚುಚ್ಚುತ್ತದೆ.

ಹಾಗಂತ ಪದಕ ಸುಮ್ನೆ ಶೋಕಿಗೆ ಇರುವುದಲ್ಲ. ಜೋಸ್ಲಿನ್‌ನವರು 50 ವರ್ಷ ದಾಟಿದವರನ್ನೇ ಕರೆದು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದಾರೆ. ಕೆಲವರ ಮೈಯಲ್ಲಿ ಅಷ್ಟು ವರ್ಷ ಆದಮೇಲೂ ಚೂರುಪಾರು ಇನ್ಸುಲಿನ್ ತಯಾರಾಗುತ್ತಿತ್ತಂತೆ! ಇನ್ನು ಕೆಲವರ ಕಣ್ಣಿಗೆ, ಕಿಡ್ನಿಗೆ ದೊಡ್ಡ ಹಾನಿಯೇ ಆಗಿಲ್ಲ. ಯಾಕೆ ಅಂತ ತಿಳಿದರೆ ಉಳಿದವರಿಗೂ ಔಷಧಿ ಸಿಗಬಹುದು ಅಲ್ವಾ. ಸತ್ತ ಮೇಲೆ ಕಣ್ಣು, ಇನ್ಸುಲಿನ್ ತಯಾರಾಗುವ ಮೇದೋಜೀರಕ ಗ್ರಂಥಿ ಎಲ್ಲ ಸಂಶೋಧನೆಗೆ ಇರಲಿ ಎಂದು ಬರೆದುಕೊಟ್ಟವರೂ ಇದ್ದಾರೆ.

ಈಗ ಅಸಲು ವಿಷಯ. ನಿನಗೂ 50 ಹತ್ತಿರ ಬಂತು. ಕಾಯಿಲೆ ಯಾವಾಗ ಶುರುವಾಯಿತು ಎಂಬುದಕ್ಕೆ ಜೋಸ್ಲಿನ್‌ನವರು ದಾಖಲೆ ಕೇಳುತ್ತಾರೆ. ನಮ್ಮಲ್ಲಿ ಅಷ್ಟು ಹಳೇ ಚೀಟಿ ಯಾರು ಇಟ್ಟುಕೊಂಡಿರುತ್ತಾರೆ ಹೇಳು, ಆದರೆ ನಿಮ್ಮಮ್ಮ ಕರೆಂಟ್ ಬಿಲ್ಲನ್ನೂ ಬಿಸಾಡಿದವರಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ ನೋಡು. ಗೆದ್ದಲು ಹಿಡಿದಿದ್ದರೂ ಸರಿ, ತಾರೀಖು ಕಾಣುವ ಹಾಗೆ ಫೋಟೊ ತೆಗೆದು ಕಳಿಸು. ಅರ್ಜಿ ನಾನು ತುಂಬುತ್ತೇನೆ, ನೀನು ಸಹಿ ಹಾಕು ಸಾಕು. ಪದಕ ಬಂದರೆ ಅದು ನಿಮ್ಮಮ್ಮನ ಕೊರಳಿಗೆ, ಈಗಲೇ ಹೇಳಿಬಿಟ್ಟಿದ್ದೇನೆ.

ನಿನ್ನ
ಬೆಲ್ಲ ಕದಿಯಲು ಜೊತೆಗಿದ್ದವನು