ಯಾವ ‘ಬೆಂಗಳೂರು ದಕ್ಷಿಣ’? ಕಂದಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,

ನಮಸ್ಕಾರಗಳು.

2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಡಲು ತೀರ್ಮಾನಿಸಿತು. ಆ ಹೆಸರಿಗೆ ಅಷ್ಟರಲ್ಲೇ ಮೂರು ವಾರಸುದಾರಿಕೆ ಇತ್ತು. ಕೆಂಗೇರಿ, ಉತ್ತರಹಳ್ಳಿ, ಬೇಗೂರು, ತಾವರೆಕೆರೆ ಹೋಬಳಿಗಳ ತಾಲ್ಲೂಕು ಒಂದು. ಅದು ಬೆಂಗಳೂರು ನಗರ ಜಿಲ್ಲೆಯಲ್ಲಿದೆ. ಬಸವನಗುಡಿ, ಜಯನಗರಗಳಿರುವ ಲೋಕಸಭಾ ಕ್ಷೇತ್ರ ಇನ್ನೊಂದು. ಮೂರನೆಯದು ವಿಧಾನಸಭಾ ಕ್ಷೇತ್ರ. ತಮಾಷೆಯೆಂದರೆ ಅದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರಕ್ಕೆ ಸೇರಿಲ್ಲ, ಬೆಂಗಳೂರು ಗ್ರಾಮಾಂತರಕ್ಕೆ ಸೇರಿದೆ. ಜಿಲ್ಲೆ ನಾಲ್ಕನೆಯದಾಯಿತು. ಸೆಪ್ಟೆಂಬರ್‌ನಲ್ಲಿ ರಾಜಧಾನಿಗೆ ಐದು ಪಾಲಿಕೆಗಳಾದಾಗ ಬೆಂಗಳೂರು ದಕ್ಷಿಣ ನಗರ ಪಾಲಿಕೆ ಐದನೆಯದಾಗಿ ಬಂತು.

‘ಬೆಂಗಳೂರು ಗ್ರಾಮಾಂತರ’ದ ಕಥೆಯೂ ಇದೇ. ಆ ಹೆಸರಿನ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳು, ಅಂದರೆ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ, ಮತ ಹಾಕುವುದು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ. ರಾಮನಗರ, ಕನಕಪುರದವರು ಮಾತ್ರ 2007ರಲ್ಲೇ ಆ ಜಿಲ್ಲೆ ಬಿಟ್ಟುಬಂದರೂ ಗ್ರಾಮಾಂತರ ಕ್ಷೇತ್ರದ ಮತದಾರರು.

ರಾಮನಗರದ ಹೆಸರು ಬದಲಾಗಬೇಕಿತ್ತೇ ಬೇಡವೇ ಎಂಬ ಚರ್ಚೆ ಈ ಪತ್ರದ್ದಲ್ಲ. ಹೆಸರಿಟ್ಟ ಮೇಲೆ ಕಾಗದಪತ್ರ ಏನಾಗುತ್ತದೆ ಎಂಬುದಷ್ಟೇ ನಮ್ಮ ವಿಷಯ. ಕನಕಪುರದ ಒಂದೇ ಜಮೀನನ್ನು ನೋಡಿ. 1980ರ ಕ್ರಯಪತ್ರದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರ ಬರೆಯುವ ಭಾಗದಲ್ಲಿ, ಅದು ಬೆಂಗಳೂರು ಜಿಲ್ಲೆ, 1990ರಲ್ಲಿ ಬೆಂಗಳೂರು ಗ್ರಾಮಾಂತರ, 2010ರಲ್ಲಿ ರಾಮನಗರ, ಇನ್ನು ಮುಂದೆ ಬೆಂಗಳೂರು ದಕ್ಷಿಣ. ಜಮೀನು ಅಲ್ಲೇ ಇದೆ, ಹೆಸರು ನಾಲ್ಕಾಯಿತು. ಇತ್ತ ಕೆಂಗೇರಿಯ ಕಡೆ ಜಮೀನು ಬೇರೆ, ಹೆಸರು ಅದೇ.

ಇದರಿಂದ ಕೆಡುವುದು ಮುಖ್ಯವಾಗಿ ಋಣಭಾರ ಪತ್ರ, ಜನ ಇಸಿ ಎನ್ನುವುದು. ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳನ್ನು ತೋರಿಸುವ ಕಾಗದ ಅದು. ಅರ್ಜಿಯಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಮೇಲಿನಿಂದ ಕೆಳಕ್ಕೆ ಆರಿಸಿಕೊಂಡು ಹೋಗಬೇಕು. ತಾವರೆಕೆರೆ ಹೋಬಳಿಯವರು ಮೊದಲ ಪಟ್ಟಿಯಲ್ಲೇ ‘ಬೆಂಗಳೂರು ದಕ್ಷಿಣ’ ಕಂಡರೆ ಅದನ್ನೇ ಒತ್ತುತ್ತಾರೆ. ಅಲ್ಲಿ ಅವರ ತಾಲ್ಲೂಕು ಸಿಗುವುದಿಲ್ಲ, ಹಿಂದಕ್ಕೆ ಬರುತ್ತಾರೆ. ಇಷ್ಟಾದರೆ ಹೋಗಿದ್ದು ಹತ್ತು ನಿಮಿಷ. ಅಪಾಯ ಇರುವುದು ಗ್ರಾಮದ ಮಟ್ಟದಲ್ಲಿ. ತಪ್ಪು ಗ್ರಾಮ ಆರಿಸಿ ಸರ್ವೆ ನಂಬರ್ 45 ಕೊಟ್ಟರೂ ಯಂತ್ರ ತಪ್ಪೆನ್ನುವುದಿಲ್ಲ, ಆ ಗ್ರಾಮದ 45ನ್ನು ಹುಡುಕುತ್ತದೆ. ಅಲ್ಲಿ ವಹಿವಾಟು ಇಲ್ಲದಿದ್ದರೆ, ವಹಿವಾಟುಗಳ ಪಟ್ಟಿಯಿರುವ ನಮೂನೆ 15ರ ಬದಲು ನಮೂನೆ 16 ಬರುತ್ತದೆ, ಅಂದರೆ ‘ಋಣಭಾರವಿಲ್ಲ’. (ಪಹಣಿಯದೂ ನಮೂನೆ 16. ನಂಬರಿಗೂ ಈ ರೋಗ ತಪ್ಪಿಲ್ಲ.) ಅಡಮಾನವಿರುವ ಜಮೀನು ಕಾಗದದ ಮೇಲೆ ತೊಳೆದಿಟ್ಟಷ್ಟು ಶುಭ್ರವಾಗಿ ಕಾಣುತ್ತದೆ. ಕೊಳ್ಳುವವರು ಮೋಸ ಹೋಗಲು ಯಾರೂ ಮೋಸ ಮಾಡಬೇಕಾಗಿಲ್ಲ.

ತಪ್ಪು ಗ್ರಾಮ ಆರಿಸುವುದು ಅಷ್ಟು ಸುಲಭವೇ ಎಂದು ಕೇಳಬಹುದು. ಹೊಸಹಳ್ಳಿಯನ್ನೇ ತೆಗೆದುಕೊಳ್ಳಿ. ಹಳೆಯ ಊರಿನಿಂದ ನಾಲ್ಕು ಮನೆ ಆಚೆ ಹೋಗಿ ನೆಲೆಸಿದ ಕಡೆಯೆಲ್ಲ ಒಂದು ಹೊಸಹಳ್ಳಿ ಹುಟ್ಟಿದೆ. ಇವುಗಳಲ್ಲಿ ಕೆಲವು ಕಂದಾಯ ಗ್ರಾಮ, ಕೆಲವು ಇನ್ನೊಂದು ಗ್ರಾಮಕ್ಕೆ ಸೇರಿದ ಬರಿಯ ಮಜರೆ, ಕೆಲವು ಜನವಸತಿಯಿಲ್ಲದ ಬೇಚರಾಕ್. ಮಜರೆಯ ಜಮೀನು ಮೂಲ ಗ್ರಾಮದ ಹೆಸರಿನಲ್ಲಿರುತ್ತದೆ. ಆದರೆ ಮಜರೆಯವರು ಪಟ್ಟಿಯಲ್ಲಿ ಹುಡುಕುವುದು ತಮ್ಮ ಊರಿನ ಹೆಸರನ್ನು. ಪಕ್ಕದ ಹೋಬಳಿಯ ಹೊಸಹಳ್ಳಿ ಸಿಕ್ಕಿಬಿಡುತ್ತದೆ! ಎ. ನಾರಾಯಣಪುರ, ಬಿ. ನಾರಾಯಣಪುರ, ಕೆ. ನಾರಾಯಣಪುರ ಎಂದು ಇನಿಷಿಯಲ್ ಅಂಟಿಸಿಕೊಂಡ ಊರುಗಳೇ ವಾಸಿ. ಹಳಬರು ಕಾಗದ ಬರೆಯುವಾಗ ಸಾ॥ (ವಾಸದ ಊರು), ತಾ॥, ಜಿ॥ ಮೂರನ್ನೂ ಬಿಡದೆ ಹಾಕುತ್ತಿದ್ದುದು ಸುಮ್ಮನೆ ಅಲ್ಲ.

ಪಿನ್ ಕೋಡ್ ಇದೆಯಲ್ಲ ಎನ್ನುತ್ತಾರೆ. 1972ರಲ್ಲಿ ಅದು ಬಂದದ್ದೇ ಒಂದೇ ಹೆಸರಿನ ಊರುಗಳ ಗೋಜಲಿಗೆ ಪರಿಹಾರವಾಗಿ. ದೊಡ್ಡ ಊರುಗಳಿಗೆ ಅದು ಸಾಕು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾದಾಗ ಛತ್ತೀಸ್‌ಗಢದ ಬಿಜಾಪುರದೊಂದಿಗಿನ ಗೊಂದಲ ತೀರಿತು, ದೇವನಹಳ್ಳಿ ತಾಲ್ಲೂಕಿನ ವಿಜಯಪುರದೊಂದಿಗೆ ಹೊಸದು ಹುಟ್ಟಿತು. ಅಲ್ಲಿ 586101, 562135 ಎಂಬ ಅಂಕಿಗಳು ಟಪಾಲನ್ನು ಕಾಯುತ್ತವೆ. ಹಳ್ಳಿಗಾಡಿನಲ್ಲಿ ಒಂದೇ ಪಿನ್‌ಗೆ ಹತ್ತಾರು ಊರು, ಅವುಗಳೊಳಗೆ ಎರಡು ಹೊಸಹಳ್ಳಿ ಇದ್ದರೆ ಪಿನ್ ಕೈಚೆಲ್ಲುತ್ತದೆ. ಅಲ್ಲಿಗೆ ಬೇಕಾದದ್ದು ಕೇಂದ್ರದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿಯಲ್ಲಿ ಗ್ರಾಮಕ್ಕೊಂದರಂತೆ ಈಗಾಗಲೇ ಇರುವ ಎಲ್‌ಜಿಡಿ ಕೋಡ್. ರೈಲ್ವೆಯವರನ್ನು ನೋಡಿ: ನಿಲ್ದಾಣದ ಫಲಕ ವಿಜಯಪುರವಾದರೂ ಕೋಡ್ ಹಳೆಯ ‘ಬಿಜೆಪಿ’ಯೇ. ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ, ಟಿಕೆಟ್ ಮಾತ್ರ ತಪ್ಪುವುದಿಲ್ಲ.

ಮನುಷ್ಯರ ಹೆಸರಿನಲ್ಲಿ ತೊಡಕು ಇನ್ನೂ ಆಳ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ರಾಮಪ್ಪ ಬಿನ್ ಹನುಮಂತಪ್ಪ ಎಂಬುವರು ತೀರಿಕೊಂಡ ಅಜ್ಜನೂ ಹೌದು, ಬದುಕಿರುವ ಮೊಮ್ಮಗನೂ ಹೌದು. ಪೌತಿ ಖಾತೆಯಾಗದೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರಿಗೆ ಬದಲಾಗದೆ, ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗೆ ಮೊಮ್ಮಗನ ಆಧಾರ್ ಜೋಡಿಸಿದರೆ ಹೆಸರು, ತಂದೆಯ ಹೆಸರು, ಊರು ಮೂರೂ ತಾಳೆಯಾಗುತ್ತವೆ. ಅವನ ಚಿಕ್ಕಪ್ಪಂದಿರ, ಅತ್ತೆಯರ ಪಾಲು ಸದ್ದಿಲ್ಲದೆ ಕಾಣೆಯಾಗುತ್ತದೆ. ಇದನ್ನು ತಡೆಯಲು ಹೊಸ ಆ್ಯಪ್ ಬೇಡ. ಪಹಣಿಯ 10ನೇ ಕಾಲಂನಲ್ಲಿ ಎಂ.ಆರ್. (ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ವಹಿ) ನಂಬರಿನ ಜೊತೆ ವರ್ಷವಿರುತ್ತದೆ. ಮ್ಯುಟೇಶನ್ 1968-69ರದ್ದು, ಆಧಾರ್‌ನಲ್ಲಿ ಹುಟ್ಟಿದ ವರ್ಷ 1985 ಎಂದಿದ್ದರೆ ಅಲ್ಲೇ ನಿಲ್ಲಿಸಿ ವಂಶವೃಕ್ಷ ಕೇಳಬೇಕು. ಗ್ರಾಮ ಆಡಳಿತ ಅಧಿಕಾರಿಗೆ ಹಿಡಿಯುವುದು ಒಂದು ನಿಮಿಷದ ಕೆಲಸ.

ಕ್ಷೇತ್ರಗಳ ಹೆಸರು ಕ್ಷೇತ್ರ ಪುನರ್ವಿಂಗಡಣೆಯ ಪಾಲಿನದು, ನಿಮ್ಮ ಕೈಲಿಲ್ಲ. ತಾಲ್ಲೂಕಿನ ಹೆಸರು ನಿಮ್ಮ ಇಲಾಖೆಯದು. ಆದ್ದರಿಂದ ಬೆಂಗಳೂರು ನಗರ ಜಿಲ್ಲೆಯ ದಕ್ಷಿಣ ತಾಲ್ಲೂಕಿಗೆ ಅದರ ಹೋಬಳಿಯೊಂದರ ಹೆಸರಿಡಿ, ಕೆಂಗೇರಿ ಆದೀತು. ಹಾಗೆ ಮಾಡಿದರೆ ‘ಹಿಂದಿನ ಬೆಂಗಳೂರು ದಕ್ಷಿಣ ತಾಲ್ಲೂಕು’ ಎಂಬ ಸಾಲು ಪಹಣಿ, ಇಸಿ ಎರಡರಲ್ಲೂ ಕನಿಷ್ಠ ಮೂವತ್ತು ವರ್ಷ ಅಚ್ಚಾಗಲಿ, ಏಕೆಂದರೆ ಹಕ್ಕು ಪರಿಶೀಲಿಸುವ ವಕೀಲರು ಅಷ್ಟು ಹಿಂದಕ್ಕೆ ಹೋಗುತ್ತಾರೆ. ಎಲ್ಲ ಪಟ್ಟಿಗಳಲ್ಲೂ ಗ್ರಾಮದ ಹೆಸರಿನ ಮುಂದೆ ಹೋಬಳಿ ಮತ್ತು ಎಲ್‌ಜಿಡಿ ಕೋಡ್ ಕಾಣಲಿ, ಮಜರೆಯ ಹೆಸರು ಹೊಡೆದರೆ ಮೂಲ ಗ್ರಾಮ ತೋರಿಸಲಿ. ನಮೂನೆ 16 ಕೊಡುವ ಮುನ್ನ ಅದೇ ತಾಲ್ಲೂಕಿನಲ್ಲಿ ಅದೇ ಹೆಸರಿನ ಬೇರೆ ಗ್ರಾಮವಿದ್ದರೆ ‘ನಿಮ್ಮದು ಯಾವ ಹೋಬಳಿ?’ ಎಂದು ಯಂತ್ರ ಇನ್ನೊಮ್ಮೆ ಕೇಳಲಿ.

ಇಂತಿ,
ಪಹಣಿ, ಇಸಿ, ಕ್ರಯಪತ್ರಗಳ ಕೆಲಸ ಬಲ್ಲ ಕೆಲವರು