ಹೊಟ್ಟೆಯೊಳಗಿನ ಬಟ್ಟೆಗೆ ಒಂದು ವರ್ಷ

ಕಳೆದ ವಾರದ ಸ್ಕ್ಯಾನ್ ವರದಿಯಲ್ಲಿ 5.1 ಸೆಂ.ಮೀ. ಎಂದಿತ್ತು. ವರ್ಷದ ಹಿಂದೆ ನನ್ನ ಹೊಟ್ಟೆಯ ಮಹಾಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ದೊಡ್ಡ ನಾಳ, 5.8 ಸೆಂ.ಮೀ.ವರೆಗೆ ಉಬ್ಬಿ ಕುಳಿತಿತ್ತು. ಇರಬೇಕಾದದ್ದು 2ರ ಆಸುಪಾಸು. ಕುಗ್ಗಿದ ಈ ಏಳು ಮಿಲಿಮೀಟರಿಗೆ ನಾನು ಹಲವರ ಋಣಿ.

ಉಬ್ಬಿದ ನಾಳಕ್ಕೆ ಒಳಗಿನಿಂದ ತೊಡಿಸುವ ಕೊಳವೆಯನ್ನು, ಅಂದರೆ ಸ್ಟೆಂಟ್ ಗ್ರಾಫ್ಟನ್ನು, ತೊಡೆಸಂದಿನ ನಾಳದಿಂದ ಏರಿಸುವ ಮುನ್ನಾದಿನ ವೈದ್ಯರು ಅದರ ಮಾದರಿಯೊಂದನ್ನು ನನ್ನ ಕೈಗಿಟ್ಟರು. ಪಾಲಿಯೆಸ್ಟರ್ ಬಟ್ಟೆಯ ಕೊಳವೆ, ಅದರ ಸುತ್ತ ನಿಟಿನಾಲ್ ಎಂಬ ನಿಕ್ಕಲ್-ಟೈಟೇನಿಯಂ ಮಿಶ್ರಲೋಹದ ಅಂಕುಡೊಂಕು ತಂತಿಯ ಬಳೆಗಳು. ಬಳೆಗಳನ್ನು ಹಿಡಿದಿಟ್ಟ ಹೊಲಿಗೆಗಳೆಲ್ಲ ಕೈಯಿಂದಲೇ ಹಾಕಿದವಂತೆ. ಯಾರ ಹೊಟ್ಟೆಗೆಂದು ತಿಳಿಯದೆ ಆ ಗಂಟುಗಳನ್ನು ಬಿಗಿದವರಿಗೆ ನಮಸ್ಕಾರ. 1990ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಇಂಥ ಉಬ್ಬಿಗೆ ಹೀಗೊಂದು ಕೊಳವೆ ತೊಡಿಸುವ ಧೈರ್ಯ ಮಾಡಿದ ಶಸ್ತ್ರವೈದ್ಯ ಹುವಾನ್ ಪರೋಡಿ ಅವರಿಗೂ.

“ಇದು ನನ್ನ ಮೈಯಲ್ಲಿ ಯಾವಾಗ ಬೆರೆತುಹೋಗುತ್ತದೆ?” ಎಂದು ಕೇಳಿದ್ದೆ. “ಪೂರ್ತಿ ಬೆರೆಯುವುದೇ ಇಲ್ಲ” ಎಂದರು ವೈದ್ಯರು. ಸಮಾಧಾನದ ಮಾತಾಡದೆ ನಿಜ ಹೇಳಿದ್ದಕ್ಕೆ ಅವರಿಗೆ ಎರಡು ಪಟ್ಟು ಕೃತಜ್ಞತೆ. ರಕ್ತ ಸೋಕಿದೊಡನೆ ಬಟ್ಟೆಯ ಒಳಮೈಗೆ ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟಿಸುವ ಎಳೆಯಾದ ಫೈಬ್ರಿನ್ ಅಂಟಿ ತೆಳುವಾದ ಪದರವಾಗುತ್ತದೆ. ನಾಳದ ಒಳಪೊರೆಯ ಕೋಶಗಳು ತುದಿಗಳಿಂದ ತೆವಳುತ್ತ ಬರುತ್ತವೆ, ಆದರೆ ಮನುಷ್ಯರಲ್ಲಿ ಒಂದೆರಡು ಸೆಂಟಿಮೀಟರಿಗೇ ಅವುಗಳ ಉತ್ಸಾಹ ಮುಗಿಯುತ್ತದೆ. ನಡುಭಾಗ ವರ್ಷಗಳಾದರೂ ಬಹುಮಟ್ಟಿಗೆ ಫೈಬ್ರಿನ್ ಹಾಸಿನಲ್ಲೇ ಉಳಿಯುತ್ತದೆ. ಹೊರಗಡೆ ಮ್ಯಾಕ್ರೋಫೇಜ್‌ಗಳು, ಅಂದರೆ ಮೈಗೆ ಹೊರಗಿನದನ್ನು ನುಂಗುವ ಕಾವಲು ಕೋಶಗಳು, ಬಟ್ಟೆಯನ್ನು ನುಂಗಲು ಬಂದು, ಸಾಧ್ಯವಾಗದೆ, ಒಂದಕ್ಕೊಂದು ಕೂಡಿ ದೈತ್ಯಕೋಶಗಳಾಗಿ ಅಲ್ಲೇ ಠಿಕಾಣಿ ಹೂಡುತ್ತವೆ. (ನನ್ನ ಹಟಮಾರಿತನ ಕೋಶಕೋಶದಲ್ಲೂ ಇದೆಯೆಂದು ಮನೆಯಲ್ಲಿ ನಕ್ಕರು.) ಉಬ್ಬಿನಲ್ಲಿ ಸಿಕ್ಕಿಬಿದ್ದ ರಕ್ತ ಹೆಪ್ಪುಗಟ್ಟಿ, ಒತ್ತಡ ತಗ್ಗಿ, ಉಬ್ಬು ನಿಧಾನಕ್ಕೆ ಕುಗ್ಗುತ್ತದೆ. ಮೇಲ್ತುದಿಯಲ್ಲಿ ನಾಳಕ್ಕೂ ಬಟ್ಟೆಗೂ ಗಟ್ಟಿ ಬೆಸುಗೆಯಾಗುವುದಿಲ್ಲ. ಅಲ್ಲಿ ಹಿಡಿದಿರುವುದು ಮುಖ್ಯವಾಗಿ ತಂತಿಯ ಬಿಗಿತ ಮತ್ತು ಪುಟ್ಟ ಕೊಕ್ಕೆಗಳು. ಜೀವಮಾನವಿಡೀ ತಪಾಸಣೆ ಬೇಕೆನ್ನುವುದು ಅದಕ್ಕೇ.

ಎರಡನೆಯ ರಾತ್ರಿ ಜ್ವರ ಏರಿದಾಗ ಸೋಂಕೆಂದೇ ಹೆದರಿದ್ದೆ. ರಾತ್ರಿಪಾಳಿಯ ಸಿಸ್ಟರ್ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಸೋಂಕಿಲ್ಲವೆಂದು ಖಚಿತವಾದ ಮೇಲೆ ಬಂದು, “ಹೊಸಬನನ್ನು ಕಂಡು ನಿಮ್ಮ ಮೈ ಗೊಣಗುತ್ತಿದೆ ಸರ್, ಅಷ್ಟೇ” ಎಂದರು. ನಾಲ್ಕು ದಿನ ಗೊಣಗಿ ಸುಮ್ಮನಾಯಿತು.

ಆರನೆಯ ತಿಂಗಳು, ಬೆನ್ನಿನ ಕಡೆಯ ಸಣ್ಣ ನಾಳವೊಂದರಿಂದ ರಕ್ತ ಹಿಮ್ಮುಖವಾಗಿ ಉಬ್ಬಿಗೆ ಸೋರುತ್ತಿರುವುದನ್ನು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನ ತಂತ್ರಜ್ಞೆ ಪತ್ತೆಹಚ್ಚಿದರು. ಪರದೆಯಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ. ಅದು ಅಲ್ಲಿಯೇ ಇದೆಯೆಂದು ನಂಬಿಕೆಯಾಗುವವರೆಗೆ ಕೈ ಬಿಡಲಿಲ್ಲ ಆಕೆ. ಈ ಸಲ ಅದು ಕಾಣಲಿಲ್ಲ, ತಾನಾಗಿಯೇ ಮುಚ್ಚಿಕೊಂಡಿದೆ.

ಕೊನೆಯದಾಗಿ ನನ್ನ ಹೆಂಡತಿಗೆ. ಪ್ರತಿ ಅಳತೆಯನ್ನೂ ಫೈಲಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾಳೆ. 5.1ರ ಕೆಳಗೆ ಮುಂದಿನ ವರ್ಷದ ತಾರೀಖು ಆಗಲೇ ಬಿದ್ದಿದೆ, ಪಕ್ಕದಲ್ಲಿ ಅಂಕಿಗೆ ಜಾಗ ಬಿಟ್ಟು.